ಹಿಮದಲ್ಲಿ ತೊಳೆದ ಗಾಡಿ

ಊರಿಗೆ ಬಂದ ಮೇಲೆ ಎಲ್ಲರೂ ಕೇಳಿದ್ದು ಒಂದೇ. ಪೆಂಗ್ವಿನ್ ನೋಡಿದೆಯಾ? ನೋಡಿದೆ. ನಾರುತ್ತವೆ. ಅದಾದ ಮೇಲೆ, ಚಳಿ ಹೇಗಿತ್ತು? ಐಸ್ ಫ್ಯಾಕ್ಟರಿಯೊಳಗೆ ಒಂದು ವರ್ಷ ಬಾಗಿಲು ಹಾಕಿಕೊಂಡು ಕೂತು ನೋಡಿ, ಆಮೇಲೆ ನನ್ನನ್ನು ಕೇಳಿ.

ದಾವಣಗೆರೆಗೆ ಅಂಟಿಕೊಂಡ ಅವರಗೆರೆಯ ನಮ್ಮ ಬೀದಿಯಲ್ಲಿ ಹಿರಿಯರೊಬ್ಬರು ಬ್ಯಾನರ್ ಕಟ್ಟಿಸಿ ಶಾಲು ಹೊದಿಸುತ್ತೇವೆ ಎಂದರು. ಬೇಡ ಎಂದೆ.

"ಯಾಕಪ್ಪ? ನಮ್ಮ ಕಡೆಯಿಂದ ಅಂಟಾರ್ಕ್ಟಿಕಾಕ್ಕೆ ಹೋಗಿ ಬಂದೋನು ನೀನೊಬ್ನೇ ಅಲ್ಲೇನು?"

ಅಲ್ಲ. ಇನ್ನೊಬ್ಬನಿದ್ದಾನೆ, ಹರಿಹರದಲ್ಲಿ. ಅವನನ್ನು ಕಂಡರೆ ನನಗಾಗದು. ಬ್ಯಾನರ್ ಕಟ್ಟಿದರೆ ಅವನ ಫೋಟೋ ಪಕ್ಕದಲ್ಲಿ ನನ್ನದೂ ಹಾಕಬೇಕಾಗುತ್ತದೆ. ಅದಕ್ಕೇ ಬೇಡ ಎಂದೆ.

ನಾನು ಅಲ್ಲಿಗೆ ಹೋಗಿದ್ದು ದೇಶಸೇವೆಗಲ್ಲ. ಒಂದು ಗಾಡಿಯ ಸೀಟಿಗಾಗಿ ಹೋದೆ. ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಗ್ಯಾರೇಜಿಗೆ ಸೇರಿದವನು ನಾನು. ಆಮೇಲೆ ಜೆಸಿಬಿ ಹತ್ತಿದೆ. ಅವರಗೆರೆಯ ಸುತ್ತ ಜೋಳ ಬೆಳೆಯುತ್ತಿದ್ದ ಹೊಲಗಳನ್ನು ಸೈಟ್ ಮಾಡಲು ಸಮ ಮಾಡಿದವರಲ್ಲಿ ನಾನೂ ಒಬ್ಬ. ಒಂದು ದಿನ ಗ್ಯಾರೇಜಿನಲ್ಲಿ ಯಾರದೋ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದೆ. ಕೆಂಪು ಗಾಡಿ. ಟೈರಿಲ್ಲ, ಎರಡೂ ಕಡೆ ಮಂಚದಷ್ಟು ಅಗಲದ ಪಟ್ಟಿ. ಹಿಂದೆ ಮರದ ಜಾರುಬಂಡಿಗಳ ಮೇಲೆ ಡೀಸೆಲ್ ಡ್ರಮ್ಮು ಎಳೆದುಕೊಂಡು ಬಿಳಿ ಬಯಲಿನಲ್ಲಿ ಹೋಗುತ್ತಿತ್ತು. ರಸ್ತೆ ಇಲ್ಲ, ಸಿಗ್ನಲ್ ಇಲ್ಲ, ಅಡ್ಡ ಬರುವ ಎಮ್ಮೆ ಇಲ್ಲ. ನಾನು ಅದರಲ್ಲಿ ಕೂರಬೇಕು ಎಂದುಕೊಂಡೆ. ಅಂಟಾರ್ಕ್ಟಿಕಾದ ಸ್ಟೇಷನ್ನಿಗೆ ವಾಹನದ ಮೆಕ್ಯಾನಿಕ್ ಬೇಕು ಎಂದು ಒಬ್ಬ ಏಜೆಂಟ್ ಹೇಳಿದಾಗ ಹೋಗಿ ಪರೀಕ್ಷೆ ಕೊಟ್ಟೆ. ಪಾಸಾದೆ.

ನಮ್ಮ ಸ್ಟೇಷನ್ ಎಂದರೆ ಬಂಡೆಗಳ ಮೇಲೆ ಕಂಬ ನೆಟ್ಟು ನಿಲ್ಲಿಸಿದ ಉದ್ದನೆಯ ಕಬ್ಬಿಣದ ಡಬ್ಬಿ. ಸುತ್ತ ಹಿಮ. ವಿಜ್ಞಾನಿಗಳು ಗಾಳಿ ಅಳೆಯುತ್ತಿದ್ದರು, ಹಿಮ ಅಳೆಯುತ್ತಿದ್ದರು, ನೆಲದ ನಡುಕ ಅಳೆಯುತ್ತಿದ್ದರು. ಅವರು ಅಳೆಯಬೇಕಾದರೆ ಜನರೇಟರ್ ಓಡಬೇಕು, ಕೆರೆಯಿಂದ ನೀರು ಬರಬೇಕು, ಕಕ್ಕಸಿನ ಗಲೀಜು ಸುಡಬೇಕು, ಗಾಡಿ ಚಾಲೂ ಇರಬೇಕು. ಅದಕ್ಕೆ ನಮ್ಮಂಥವರು. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಹಿಮದ ಅಂಚಿಗೆ ಹಡಗು ಬರುತ್ತದೆ. ಇಡೀ ವರ್ಷದ ಡೀಸೆಲು, ಅಕ್ಕಿ, ಬೇಳೆ ಎಲ್ಲ ಅದರಲ್ಲೇ. ಹಡಗಿನವರೆಗೆ ಗಾಡಿ ಓಡಿಸಿಕೊಂಡು ಹೋಗಿ ಸಾಮಾನು ತರುವುದಕ್ಕೆ ಕಾನ್ವಾಯ್ ಎನ್ನುತ್ತಾರೆ. ಒಂದು ಕಾನ್ವಾಯ್ ಮಾಡಿದವನು ಡ್ರೈವರ್. ಮಾಡದವನು ಹೆಲ್ಪರ್. ನಾನು ಹೆಲ್ಪರ್ ಆಗಿ ಊರಿಗೆ ಬರಲು ತಯಾರಿರಲಿಲ್ಲ.

ಸ್ಟೇಷನ್ನಿನಲ್ಲಿ ಎರಡು ಗಾಡಿ ಇದ್ದವು. ಗಾಡಿಗಳ ಮುಖ್ಯಸ್ಥ ಹರಿಹರದವನು. ನಲವತ್ತು ದಾಟಿದವನು, ಹರಿಹರದ ಶೆಡ್ಡುಗಳಲ್ಲಿ ವೆಲ್ಡಿಂಗ್ ಕಲಿತವನು, ಹಿಂದೆ ಎರಡು ಸಲ ಬಂದು ಹೋಗಿದ್ದವನು. ಒಂದು ಗಾಡಿ ಅವನೇ ಓಡಿಸುತ್ತಾನೆ. ಎರಡನೆಯದರ ಸೀಟಿಗೆ ಯಾರು ಎಂದು ಅವನು ಹೇಳಬೇಕು, ಸ್ಟೇಷನ್ನಿನ ಲೀಡರ್ ಸಾಹೇಬರು ಹೂಂ ಎನ್ನಬೇಕು. ನಿಯಮ ಅಷ್ಟೇ.

ಅವನು ಹರಿಹರದವನು ಎಂದು ಗೊತ್ತಾದ ದಿನ ನಾನು ಹುಚ್ಚನ ಹಾಗೆ ಖುಷಿಪಟ್ಟಿದ್ದೆ. ದಾವಣಗೆರೆಯಿಂದ ಹರಿಹರಕ್ಕೆ ಎಷ್ಟು ದೂರ? ಬಸ್ಸಿನಲ್ಲಿ ಸೀಟು ಸಿಗುವುದರೊಳಗೆ ಊರು ಬಂದಿರುತ್ತದೆ. ಅವನ ಹತ್ತಿರ ಓಡಿ ಹೋಗಿ, "ಅಣ್ಣಾ, ನಾನು ದಾವಣಗೆರೆಯೋನು!" ಎಂದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಹಿಂದಿಯಲ್ಲಿ, "ಹಿಂದಿಯಲ್ಲಿ ಮಾತಾಡು" ಎಂದ.

ತಮಾಷೆ ಮಾಡುತ್ತಿದ್ದಾನೆ ಎಂದು ನಕ್ಕೆ. ಅವನು ನಗಲಿಲ್ಲ. ಪಕ್ಕಕ್ಕೆ ಕರೆದುಕೊಂಡು ಹೋಗಿ ದನಿ ತಗ್ಗಿಸಿ ಹೇಳಿದ.

"ನೋಡು ತಮ್ಮ, ಇಲ್ಲಿ ಕನ್ನಡ ಗಿನ್ನಡ ಬ್ಯಾಡ. ಇಬ್ರೇ ಕುಂತು ಗುಸುಗುಸು ಅಂದ್ರೆ ಉಳಿದೋರು ತಮ್ಮನ್ನೇ ಬೈತಾರೆ ಅಂದ್ಕಂತಾರೆ. ಹಿಂದಿನ್ ಸಲ ಹಿಂಗೇ ಆಗಿ ಬಡಿದಾಟ ಆಗೈತೆ. ಇದೇ ಕೊನಿ. ಮತ್ತೆ ಕನ್ನಡದಾಗೆ ಮಾತಾಡ್ಸಿದ್ರೆ ನಾನ್ ಓಗೊಡಲ್ಲ."

ಹೇಳಿದಂತೆಯೇ ನಡೆದುಕೊಂಡ. ತಿಂಗಳುಗಟ್ಟಲೆ ಒಂದು ಶಬ್ದ ಕನ್ನಡ ಆಡಲಿಲ್ಲ. ಒಂದು ಶಬ್ದ ಬಿಟ್ಟು. ನನ್ನನ್ನು ಕರೆಯುವುದಿದ್ದರೆ ಮಾತ್ರ "ಮಂಡಕ್ಕಿ" ಎನ್ನುತ್ತಿದ್ದ. ನಮ್ಮೂರಿನ ಮಂಡಕ್ಕಿ ಹೆಸರುವಾಸಿ, ಹಾಗಾಗಿ ದಾವಣಗೆರೆಯವನು ಎಂದರೆ ಮಂಡಕ್ಕಿ. ಉಳಿದವರಿಗೆ ಅದರ ಅರ್ಥ ಗೊತ್ತಿಲ್ಲದೆ ಅವರೂ ಹಾಗೇ ಕರೆಯತೊಡಗಿದರು. ದೊಡ್ಡ ಡಿಗ್ರಿಯ ವಿಜ್ಞಾನಿಗಳೂ, "ಮಂಡಕ್ಕಿ ಭಾಯ್, ಹೀಟರ್ ನೋಡು" ಎನ್ನುತ್ತಿದ್ದರು.

ನನ್ನ ಹಿಂದಿ ಎಂದರೆ ದಾವಣಗೆರೆ ಪೇಟೆಯ ಹಿಂದಿ. ಬೇಡ ಎನ್ನಲು "ನಕ್ಕೊ" ಎಂದರೆ ಇಡೀ ಊಟದ ಹಾಲ್ ನಗುತ್ತಿತ್ತು. ಅಡುಗೆಯವನು ಉತ್ತರದ ಗುಡ್ಡಗಾಡಿನವನು. ಸಾರು ಬಡಿಸುವಾಗಲೆಲ್ಲ ಬೇಕೆಂದೇ ಕೇಳುತ್ತಿದ್ದ, ನಾನು "ನಕ್ಕೊ" ಎನ್ನಲಿ ಎಂದು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಹರಿಹರದವನು. ಅವನ ಊರಿನ ಪೇಟೆಯಲ್ಲೂ ಅದೇ "ನಕ್ಕೊ" ನಡೆಯುತ್ತದೆ. ಅವನಿಗೆ ಗೊತ್ತಿಲ್ಲವೇ?

ಚಳಿಗಾಲ ಬಂತು. ಸೂರ್ಯ ಹೋದ. ಹಗಲು ಎನ್ನುವುದು ಗಡಿಯಾರದಲ್ಲಿ ಮಾತ್ರ. ಬೆಳಿಗ್ಗೆ ಎದ್ದರೆ ಕತ್ತಲು, ಊಟಕ್ಕೆ ಕೂತರೆ ಕತ್ತಲು. ಗಾಳಿ ಎದ್ದರೆ ಡಬ್ಬಿ ಪೂರ್ತಿ ನಡುಗುತ್ತಿತ್ತು, ಗೂಡ್ಸ್ ರೈಲು ಪಕ್ಕದಲ್ಲೇ ಹೋಗುತ್ತಿದೆ ಅನ್ನಿಸುತ್ತಿತ್ತು. ಕಟ್ಟಡದಿಂದ ಶೆಡ್ಡಿಗೆ ಹಗ್ಗ ಕಟ್ಟಿದ್ದರು. ಅದನ್ನು ಹಿಡಿದುಕೊಂಡೇ ಹೋಗಬೇಕು. ಕೈಬಿಟ್ಟರೆ ಎದುರಿಗಿರುವ ಬಾಗಿಲೂ ಸಿಗುವುದಿಲ್ಲ. ಬರಿ ಕೈಯಲ್ಲಿ ಸ್ಪ್ಯಾನರ್ ಮುಟ್ಟಿದರೆ ಚರ್ಮ ಅಂಟಿಕೊಳ್ಳುತ್ತದೆ. ಗಾಳಿ ಎಷ್ಟು ಒಣ ಎಂದರೆ ಬಾಗಿಲಿನ ಹಿಡಿ ಮುಟ್ಟಿದಾಗಲೆಲ್ಲ ಕರೆಂಟ್ ಹೊಡೆಯುತ್ತಿತ್ತು. ತುಟಿ ಒಡೆದು, ಬೆರಳಿನ ಸಂದು ಒಡೆದು, ಉಪ್ಪಿನಕಾಯಿ ಮುಟ್ಟಿದರೆ ಜೀವ ಹೋಗುತ್ತಿತ್ತು. ಸ್ನಾನ ವಾರಕ್ಕೊಮ್ಮೆ. ಮೊದಲು ಮೊಟ್ಟೆ ಮುಗಿಯಿತು, ಆಮೇಲೆ ಈರುಳ್ಳಿ. ಉಳಿದದ್ದು ಡಬ್ಬಿಯದು, ಫ್ರೀಜರಿನದು. ಹೊರಗೆ ಅಷ್ಟು ಹಿಮ ಇಟ್ಟುಕೊಂಡು ಫ್ರೀಜರಿಗೆ ಕರೆಂಟ್ ಸುಡುವವರನ್ನು ನಾನು ಅಲ್ಲೇ ನೋಡಿದ್ದು.

ಜನ ಕೆಟ್ಟವರಾಗುತ್ತಾರೆ ಅಲ್ಲಿ. ಒಬ್ಬ ಚಮಚ ಬಟ್ಟಲಿಗೆ ತಾಗಿಸುವ ಸದ್ದಿಗೇ ಇನ್ನೊಬ್ಬ ಎದ್ದು ಹೋಗುತ್ತಿದ್ದ. ಯಾರೋ ಯಾರದೋ ಕುರ್ಚಿಯಲ್ಲಿ ಕೂತರು ಎಂದು ಒಂದು ವಾರ ಮಾತು ಬಿಟ್ಟವರಿದ್ದರು. ನನಗೆ ಜಗಳಕ್ಕೆ ಬೇರೆ ಯಾರೂ ಬೇಕಿರಲಿಲ್ಲ. ಹರಿಹರದವನ ಮತ್ತು ನನ್ನ ಹಾಸಿಗೆಗಳ ನಡುವೆ ಒಂದು ಪ್ಲೈವುಡ್ ಹಲಗೆ. ಅವನು ಮಗ್ಗುಲು ಬದಲಿಸಿದರೂ ನನಗೆ ಕೇಳುತ್ತಿತ್ತು.

ನನ್ನನ್ನು ಗಾಡಿಯ ಸೀಟಿಗೆ ಮಾತ್ರ ಹತ್ತಿಸಲಿಲ್ಲ. ಡ್ರಮ್ ಉರುಳಿಸು ಎಂದ, ಉರುಳಿಸಿದೆ. ಶೆಡ್ಡಿನ ಬಾಗಿಲಿಗೆ ಅಡ್ಡ ಬಿದ್ದ ಹಿಮ ಎತ್ತಿ ಹಾಕು ಎಂದ. ಎತ್ತಿ ಹಾಕಿದ್ದನ್ನು ಮರುದಿನ ಗಾಳಿ ಅಲ್ಲಿಗೇ ತಂದು ಹಾಕುತ್ತಿತ್ತು. ಕಕ್ಕಸು ಸುಡುವ ಮೆಷಿನ್ ಸರದಿಯ ಪ್ರಕಾರ ಎಲ್ಲರೂ ನೋಡಿಕೊಳ್ಳಬೇಕು. ಅವನ ಸರದಿಯನ್ನೂ ನನಗೇ ಹಾಕಿದ. ಗಾಡಿಯ ಕೆಳಗೆ ಮಲಗಿ ಗ್ರೀಸ್ ಹೊಡೆಯುವುದು ನಾನು, ಇಂಜಿನ್ ಚಾಲೂ ಮಾಡಿ ನೋಡುವುದು ಅವನು.

ಒಂದು ದಿನ ಕೇಳಿಯೇಬಿಟ್ಟೆ, ಹಿಂದಿಯಲ್ಲಿ. ನನ್ನನ್ನು ಯಾವಾಗ ಹತ್ತಿಸುತ್ತೀಯ?

"ಜೆಸಿಬಿ ಓಡಿಸಿದವನಿಗೆ ಮಣ್ಣು ಗೊತ್ತು" ಎಂದ. "ಹಿಮದ ಕೆಳಗೆ ಬಿರುಕು ಇರುತ್ತದೆ. ನೀನು ಒಳಗೆ ಹೋದರೆ ಚಿಂತೆಯಿಲ್ಲ. ಗಾಡಿ ಹೋಗುತ್ತದೆ."

ಊಟದ ಹಾಲ್ ನಕ್ಕಿತು. ಲೀಡರ್ ಸಾಹೇಬರೂ ನಕ್ಕರು. ಆಮೇಲೆ ಅವರು, "ಸೂರ್ಯ ಬರಲಿ, ಆಗ ನೋಡೋಣ" ಎಂದರು. ನಾನು ಅದನ್ನು ಹಿಡಿದುಕೊಂಡು ಕೂತೆ.

ಅವನ ಇನ್ನೊಂದು ಚಾಳಿ ನನ್ನ ತಲೆ ಕೆಡಿಸುತ್ತಿತ್ತು. ಭಾನುವಾರ ನಾನು ಮನೆಗೆ ಫೋನ್ ಮಾಡುತ್ತಿದ್ದೆ. ಮೂಲೆಯ ಬೆಂಚಿನ ಹತ್ತಿರ ಸಿಗ್ನಲ್ ಚೆನ್ನಾಗಿ ಸಿಗುತ್ತಿತ್ತು. ನಾನು ಅಲ್ಲಿ ಕೂತ ಕೂಡಲೇ ಅವನು ಬರುತ್ತಿದ್ದ. ಉಗುರು ಕತ್ತರಿಸುತ್ತ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ. ಅಷ್ಟು ಉಗುರು ಯಾರಿಗಿರುತ್ತದೆ?

ಅವ್ವ ಆ ಕಡೆಯಿಂದ ಸ್ಪೀಕರಿನಲ್ಲಿ ಶುರು ಮಾಡುತ್ತಿದ್ದಳು. "ಉಂಡ್ಯೇನಪ್ಪಾ? ಏನ್ ಉಂಡೆ?"

"ಅನ್ನ, ಬ್ಯಾಳಿ."

"ರೊಟ್ಟಿ ಮಾಡಲ್ಲೇನು ಅಲ್ಲಿ?"

"ಜೋಳದ ಹಿಟ್ಟು ಎಲ್ಲಿಂದ ತರ್ಬೇಕವ್ವ ಇಲ್ಲಿ?"

"ನನ್ನ ಕಾಲು ಊದೈತಪ್ಪ. ಡಾಕ್ಟ್ರು ನಡೀಬ್ಯಾಡ ಅಂದಾರೆ. ನಡೀಲಾರ್ದೆ ಹೆಂಗೆ? ಉಕ್ಕಡಗಾತ್ರಿಗೆ ಹೋಗಿ ಅಜ್ಜಯ್ಯಗೆ ಕಾಯಿ ಒಡಿಸ್ಬೇಕು, ನಿನ್ ಹೆಸರಾಗೆ ಹರಕಿ ಐತೆ."

ನಾನು ಸಿಟ್ಟಿನಿಂದ ಅವನ ಕಡೆ ನೋಡಿದರೆ ಅವನು ತಲೆ ಎತ್ತುತ್ತಿರಲಿಲ್ಲ. ಕಟ್, ಕಟ್, ಉಗುರು. ಕದ್ದು ಕೇಳಿ ಲೀಡರಿಗೆ ಚಾಡಿ ಹೇಳುತ್ತಾನೆ ಎಂದುಕೊಂಡೆ. ಅವ್ವನ ಊದಿದ ಕಾಲಿನಿಂದ ಅವನಿಗೇನು ಸಿಗುತ್ತದೋ.

ಸೂರ್ಯ ಬಂದ. ಆಯುಧ ಪೂಜೆ ಬಂತು. ಸ್ಟೇಷನ್ನಿನಲ್ಲಿ ಎಲ್ಲ ಹಬ್ಬ ಮಾಡುತ್ತಾರೆ, ಬೇರೆ ಕೆಲಸವಿಲ್ಲ. ಲೀಡರ್ ಸಾಹೇಬರು ಗಾಡಿಗಳ ಪೂಜೆ ಚೆನ್ನಾಗಿ ಆಗಲಿ, ಫೋಟೋ ಕಳಿಸಬೇಕು ಎಂದರು. ಪ್ಲಾಸ್ಟಿಕ್ ಹೂವಿನ ಹಾರ ಇತ್ತು. ಬೂದುಗುಂಬಳಕಾಯಿಗೆ ಬದಲು ಫ್ರೀಜರಿನಲ್ಲಿ ಕಲ್ಲಾಗಿದ್ದ ಒಂದು ಕೋಸುಗಡ್ಡೆ. ನಿಂಬೆಹಣ್ಣು ಎಲ್ಲಿಂದ ಬರಬೇಕು? ಅಡುಗೆಯವನು ಉಪ್ಪಿನಕಾಯಿ ಡಬ್ಬಿಯಿಂದ ನಿಂಬೆ ಹೋಳು ತೆಗೆದು ಖಾರ ತೊಳೆದು ಕೊಟ್ಟ. ವಿಭೂತಿ ಮಾತ್ರ ಅಸಲಿ. ಅವ್ವ ಉಕ್ಕಡಗಾತ್ರಿ ಗುಡಿಯಿಂದ ತಂದು ಕೊಟ್ಟಿದ್ದ ಅಜ್ಜಯ್ಯನ ಬೂದಿಯ ಪೊಟ್ಟಣ ನನ್ನ ಹತ್ತಿರ ಇತ್ತು.

ಬೆಳಿಗ್ಗೆ ಶೆಡ್ಡಿನಲ್ಲಿ ನಾನೊಬ್ಬನೇ ಎರಡನೆಯ ಗಾಡಿಯನ್ನು ಒಣ ಬಟ್ಟೆಯಲ್ಲಿ ಒರೆಸುತ್ತಿದ್ದೆ. ಹರಿಹರದವನು ಬಂದ. ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತ.

"ಏನಲೇ ಇದು? ಹೆಣದ ಮುಖ ಒರೆಸಿದಂಗೆ ಒರೆಸ್ತಿ?"

ಕನ್ನಡದಲ್ಲಿ. ನನ್ನ ಕೈ ನಿಂತಿತು.

"ನಿಮ್ ದಾವಣಗೆರ್ಯಾಗೆ ಹಿಂಗೇ ಮಾಡ್ತಾರೇನು ಪೂಜೆ? ಪಟ್ಟಿ ತುಂಬ ವರ್ಷದ ಹೊಲಸು ಐತೆ. ತೊಳಿಲಾರದ ಗಾಡಿಗೆ ಕುಂಕುಮ ಹಚ್ಚಿದ್ರೆ ಮೈಲಿಗೆ. ಪೈಪ್ ತಗಾ. ನೀರು ಹಾಕು."

"ಅಣ್ಣಾ, ಹೆಪ್ಪು ಹಿಡಿಯಲ್ವಾ?"

"ಶೆಡ್ಡಿನಾಗೆ ಬಿಸಿ ಐತೆ. ಹೊಡದು, ಒರೆಸಿ, ಹೀಟರ್ ಇಟ್ರೆ ಆತು. ನಾನ್ ಹೇಳ್ತೀನಲ್ಲ. ಹಾಕಲೇ ಮಂಡಕ್ಕಿ!"

ಎಷ್ಟೋ ತಿಂಗಳಾದ ಮೇಲೆ ಒಬ್ಬ ಮನುಷ್ಯ ಎದುರಿಗೆ ನಿಂತು ನನ್ನ ಮಾತಿನಲ್ಲಿ ಬೈದಿದ್ದ. ಪೈಪ್ ತಗೊಂಡೆ. ಬಿಸಿನೀರಿನ ನಲ್ಲಿ ತಿರುಗಿಸಿದೆ. ಅದೂ ಅಲ್ಲದೆ ಅವನು ಹೇಳಿದ್ದು ನನಗೆ ಸರಿಯೇ ಅನ್ನಿಸಿತ್ತು. ನಮ್ಮ ಗ್ಯಾರೇಜಿನಲ್ಲಿ ಹಬ್ಬದ ದಿನ ತೊಳೆಯದ ಗಾಡಿಯನ್ನು ಪೂಜೆಯ ಸಾಲಿಗೇ ನಿಲ್ಲಿಸುವುದಿಲ್ಲ. ಬೆಳಗಿನಿಂದ ಪೈಪ್ ಹಿಡಿದು, ಸೋಪು ಹಚ್ಚಿ, ಆಮೇಲೆಯೇ ಹೂವು.

ನಾನು ನೀರು ಬಿಟ್ಟೆ, ಅವನು ತೋಳು ಏರಿಸಿ ಬ್ರಷ್ ಹಿಡಿದ. ಪಟ್ಟಿಯ ಸಂದಿಯಿಂದ ಕರಿ ನೀರು ಇಳಿಯಿತು. ಅವನು ಖುಷಿಯಲ್ಲಿದ್ದ.

"ಹಬ್ಬದ ದಿನ ನಾವು ಲಾರಿ ಹೊಳಿಗೇ ಇಳಿಸ್ತಿದ್ವಿ. ನೀರಾಗೆ ನಿಂತು ತೊಳಿತಿದ್ರೆ ಎಮ್ಮಿ, ಲಾರಿ, ನಾವು, ಎಲ್ಲಾ ಒಂದೇ. ನಿಮಗೇನೈತಲೇ ಅಲ್ಲಿ? ನಲ್ಲಿ ನೀರು. ವಾರಕ್ಕೊಂದ್ ಸಲ ಬಿಡ್ತಾರೆ."

"ನಿಮ್ ಹೊಳಿ ನೀರೇ ಅಣ್ಣಾ ನಮ್ ನಲ್ಯಾಗೆ ಬರೋದು. ನೀವು ಲಾರಿ ತೊಳ್ದು ಕಳಿಸಿದ್ದು."

ಅವನು ನಕ್ಕ. ಅಷ್ಟರಲ್ಲಿ ಅಡುಗೆಯವನು ಹಲ್ವದ ತಟ್ಟೆ ಹಿಡಿದುಕೊಂಡು ಬಂದು ಇಬ್ಬರೂ ಒದ್ದೆಯಾಗಿ ನಿಂತಿದ್ದನ್ನು ನೋಡಿದ. ಏನೋ ಗೊಣಗಿ ತಟ್ಟೆ ಇಟ್ಟು ಅಲ್ಲೇ ನಿಂತ. ನಾವು ಬಟ್ಟೆ ಹಿಡಿದು ಒರೆಸಿ, ಸ್ವಲ್ಪ ಹೊತ್ತು ಹೀಟರ್ ಇಟ್ಟೆವು. ಮೇಲೆ ಕಾಣುವುದೆಲ್ಲ ಒಣಗಿತ್ತು.

ಪೂಜೆ ಆಯಿತು. ಮಂತ್ರ ಬರುವವರು ಮಂತ್ರ ಹೇಳಿದರು. ಕೋಸುಗಡ್ಡೆಯನ್ನು ನೆಲಕ್ಕೆ ಹೊಡೆದರೆ ಒಡೆಯಲಿಲ್ಲ, ಸುತ್ತಿಗೆಯಿಂದ ಒಡೆದೆವು. ಪಟ್ಟಿಯ ಕೆಳಗೆ ನಿಂಬೆ ಹೋಳು ಇಟ್ಟೆವು. ಪೂಜೆ ಆದ ಗಾಡಿ ಒಂದು ಸುತ್ತು ಹೋಗಬೇಕಲ್ಲ? ಹರಿಹರದವನು ನನ್ನ ಬೆನ್ನಿಗೆ ಗುದ್ದಿ, "ನೀನೇ ಹತ್ತು" ಎಂದ.

ಹತ್ತಿದೆ. ಆ ಸೀಟಿನ ಸ್ಪ್ರಿಂಗು, ಕೈಗೆ ಸಿಗುವ ಹಿಡಿಗಳು, ಎದುರಿನ ಅಷ್ಟಗಲ ಗಾಜು. ನಿಂಬೆ ಹೋಳು ಪಚಕ್ ಎಂದದ್ದು ಇಂಜಿನ್ ಸದ್ದಿನಲ್ಲಿ ಕೇಳಲಿಲ್ಲ. ಗಾಡಿ ಬಂಡೆಯ ಇಳಿಜಾರು ಇಳಿದು ಹಿಮಕ್ಕೆ ಬಂತು. ಕೆರೆಯ ದಂಡೆಯವರೆಗೆ ಹೋಗಿ ತಿರುಗಿಸಿ ಬಂದೆ. ಜೆಸಿಬಿಗಿಂತ ಮೆತ್ತಗೆ ತಿರುಗುತ್ತದೆ. ಧ್ವಜದ ಕಂಬದ ಹತ್ತಿರ ಲೀಡರ್ ಸಾಹೇಬರು ಕೈ ತೋರಿಸಿ ನಿಲ್ಲಿಸಿದರು. ಫೋಟೋ. ಎಲ್ಲರೂ ಗಾಡಿಯ ಮುಂದೆ ನಿಂತರು. ಆಮೇಲೆ ಒಬ್ಬೊಬ್ಬರೇ. ಆಮೇಲೆ ಒಬ್ಬೊಬ್ಬರ ಫೋನಿನಲ್ಲಿ. ಗಾಳಿ ಬೀಸುತ್ತಿತ್ತು. ನಾನು ಒಳಗೆ ರಾಜನ ಹಾಗೆ ಕೂತಿದ್ದೆ.

ಹೊರಡಲು ಹಿಡಿ ತಳ್ಳಿದರೆ ಗಾಡಿ ಓರೆಯಾಯಿತು. ಬಲಗಡೆಯ ಪಟ್ಟಿ ಎಳೆಯಿತು, ಎಡಗಡೆಯದು ಅಲ್ಲಾಡಲಿಲ್ಲ. ಬಿಟ್ಟೆ. ಕಿಟಕಿ ಇಳಿಸಿದೆ. ಹರಿಹರದವನು ಎಡಗಡೆ ಬಗ್ಗಿ ನೋಡಿ ಕೈ ಬೀಸಿ ಕೂಗಿದ.

"ಒತ್ತಲೇ! ಒತ್ತು! ಐಸ್ ಕಚ್ಕಂಡೈತೆ, ಕಿತ್ಕಂಡ್ ಬರ್ತೈತೆ!"

ಒತ್ತಿದೆ. ಒಡೆದ ಸದ್ದು ಬಂತು. ಎಂಥದ್ದು ಎಂದರೆ ಸೀಟಿನ ಕೆಳಗಿಂದ ನನ್ನ ಬೆನ್ನುಹುರಿಗೇ ಬಂತು. ಪಟ್ಟಿ ತಿರುಗಿಸುವ ಚಕ್ರದ ಹಲ್ಲು ಮುರಿದಿದ್ದವು, ಪಟ್ಟಿ ಹರಿದು ನಾಲಗೆಯ ಹಾಗೆ ಜೋತುಬಿದ್ದಿತ್ತು. ಚಕ್ರಗಳ ಸಂದಿನಲ್ಲಿ ನಾವು ಹಾಕಿದ್ದ ನೀರು ಗಾಜಿನ ಹಾಗೆ ಗಟ್ಟಿಯಾಗಿ ಕೂತಿತ್ತು. ಮುರಿದದ್ದಕ್ಕೆ ಬದಲಿ ಸಾಮಾನು ಸ್ಟೇಷನ್ನಿನಲ್ಲಿ ಇರಲಿಲ್ಲ. ಹಡಗಿನಲ್ಲೇ ಬರಬೇಕು. ಹಡಗಿನ ಸಾಮಾನು ಬೇಗ ತರಬೇಕಾದರೆ ಎರಡು ಗಾಡಿ ಬೇಕು.

ಊಟದ ಹಾಲಿನಲ್ಲಿ ಎಲ್ಲರನ್ನೂ ಕೂರಿಸಿ ಲೀಡರ್ ಸಾಹೇಬರು ಕೇಳಿದರು. "ನೀರು ಹಾಕಿದ್ದು ಯಾರು?"

"ನಾನು" ಎಂದೆ. "ಹಾಕು ಎಂದು ಹೇಳಿದ್ದು ಇವರು."

ಹರಿಹರದವನು ನನ್ನ ಕಡೆ ನೋಡಲಿಲ್ಲ. ಚೊಕ್ಕ ಹಿಂದಿಯಲ್ಲಿ ಹೇಳಿದ. "ನಾನು ಹೇಳಿಲ್ಲ. ನಾನು ಬರುವುದರೊಳಗೆ ನೀರು ಹಾಕಿ ಆಗಿತ್ತು. ಬೈದೆ. ಬ್ರಷ್ ತಗೊಂಡು ಆದಷ್ಟು ನೀರು ಹೊರಗೆ ತೆಗೆದೆ. ಹುಡುಗ ಹಬ್ಬದ ಹುಮ್ಮಸ್ಸಿನಲ್ಲಿದ್ದ, ಸುಮ್ಮನಾದೆ."

"ಹೊರಗೆ ಗಾಡಿ ಕಚ್ಚಿಕೊಂಡಾಗ ಏನೋ ಕೂಗಿದೆಯಲ್ಲ?"

"ನಿಲ್ಲಿಸು ಎಂದು ಕೂಗಿದೆ. ನಿಲ್ಲಿಸಲಿಲ್ಲ."

ನಾನು ಎದ್ದು ನಿಂತೆ. ಬಾಯಿಗೆ ಹಿಂದಿ ಬರಲಿಲ್ಲ. ಬಂದದ್ದು ಅರ್ಧ ಕನ್ನಡ, ಅರ್ಧ ಪೇಟೆಯದು. ಆ ದಿನ ಯಾರೂ ನಗಲಿಲ್ಲ. ಲೀಡರ್ ಸಾಹೇಬರು ಅಡುಗೆಯವನನ್ನು ಕೇಳಿದರು. ಅವನು ಹೇಳಿದ. "ನಾನು ಹೋದಾಗ ಇಬ್ಬರೂ ಒದ್ದೆಯಾಗಿದ್ದರು. ಇವನ ಕೈಯಲ್ಲಿ ಪೈಪ್, ಅವರ ಕೈಯಲ್ಲಿ ಬ್ರಷ್. ಏನೋ ಮಾತಾಡುತ್ತಿದ್ದರು, ಅವರ ಭಾಷೆಯಲ್ಲಿ. ನನಗೇನು ಗೊತ್ತು?" ಹೊರಗೆ ಕೂಗಿದ್ದನ್ನು ಎಲ್ಲರೂ ಕೇಳಿದ್ದರು. ಯಾರಿಗೂ ಅರ್ಥವಾಗಿರಲಿಲ್ಲ. ಇಡೀ ಆ ಖಂಡದಲ್ಲಿ ಅದು ಅರ್ಥವಾದವರು ಇಬ್ಬರೇ ಇದ್ದೆವೇನೋ. ಒಬ್ಬ ಸುಳ್ಳು ಹೇಳುತ್ತಿದ್ದ.

"ಇನ್ನು ನೀನು ಗಾಡಿಗಳ ಹತ್ತಿರ ಹೋಗಬೇಡ" ಎಂದರು ಲೀಡರ್ ಸಾಹೇಬರು.

ಶೆಡ್ಡಿನಲ್ಲಿ ಅವನನ್ನು ಹಿಡಿದೆ. ಕಾಲರ್ ಹಿಡಿದು ಗೋಡೆಗೆ ಒತ್ತಿದೆ.

"ಯಾಕ? ಯಾಕ ಸುಳ್ಳು ಹೇಳಿದಿ? ನೀನೇ ಅಲ್ಲೇನಲೇ ನೀರು ಹಾಕು ಅಂದಿದ್ದು? ಒತ್ತು ಅಂದಿದ್ದು ಯಾರು? ನಿಮ್ಮಪ್ಪನಾ?"

ಅವನು ಕೈ ಬಿಡಿಸಿಕೊಳ್ಳಲಿಲ್ಲ. ನನ್ನ ಮುಖ ನೋಡಿ ಹಿಂದಿಯಲ್ಲಿ ಹೇಳಿದ. "ಹಿಂದಿಯಲ್ಲಿ ಮಾತಾಡು."

ಹೊಡೆಯಬೇಕಿತ್ತು. ಹೊಡೆದರೆ ಅದೂ ನನ್ನ ಮೇಲೇ ಬರುತ್ತಿತ್ತು. ಬಿಟ್ಟೆ.

ಬೇಸಿಗೆಯಲ್ಲಿ ಹಡಗು ಬಂತು. ಒಂದೇ ಗಾಡಿಯಲ್ಲಿ ಹೋಗಿ ಬಂದು ಹೋಗಿ ಬಂದು ಅವನು ಸಾಮಾನು ತಂದ. ಕೆಲಸ ಎರಡರಷ್ಟು ದಿನ ಹಿಡಿಯಿತು. ಡ್ರಮ್ ಇಳಿಸುತ್ತಿದ್ದವರೆಲ್ಲ ನನ್ನನ್ನು ಬೈದುಕೊಂಡೇ ಇಳಿಸಿದರು. ಹಡಗಿನಲ್ಲಿ ಬಂದ ಹೊಸ ಚಕ್ರ, ಹೊಸ ಪಟ್ಟಿ ಹಾಕುವಾಗ ಗಾಡಿಯ ಕೆಳಗೆ ಮಲಗಿದ್ದು ನಾನೇ. ಗಾಡಿಗಳ ಹತ್ತಿರ ಹೋಗಬೇಡ ಎಂದಿದ್ದು ಸೀಟಿಗೆ ಮಾತ್ರ, ಹೊಟ್ಟೆಯಡಿಗೆ ಅಲ್ಲ. ಮುಗಿದ ಮೇಲೆ ಅವನು ಹತ್ತಿ ಓಡಿಸಿಕೊಂಡು ಹೋದ. ನಾನು ಹಿಮ ತುಂಬಿದ ಬೆನ್ನು ಕೊಡವಿಕೊಂಡು ಕಕ್ಕಸು ಸುಡಲು ಹೋದೆ. ಸೀಟಿನಲ್ಲಿ ಒಂದು ಸಲ ಕೂತಿದ್ದೆ, ಕೆರೆಯವರೆಗೆ. ಹೆಲ್ಪರ್ ಆಗಿಯೇ ಊರಿಗೆ ಬಂದೆ. ಮತ್ತೆ ಜೆಸಿಬಿ ಹತ್ತಿದೆ.

ಈ ವರ್ಷದ ಆಯುಧ ಪೂಜೆಗೆ ಎರಡು ದಿನ ಇದ್ದಾಗ ಫೋನ್ ಬಂತು. ಹೊಸ ನಂಬರ್.

"ಮಂಡಕ್ಕಿ, ನಾನಲೇ."

ಫೋನ್ ಕಟ್ ಮಾಡಬೇಕೆಂದಿದ್ದೆ. ಅವನು ಬಿಡುವು ಕೊಡಲಿಲ್ಲ. "ಮತ್ತೆ ಟೀಮ್ ಹೊಂಟೈತೆ. ಲೀಡರ್ ಹೊಸಬ್ರು. ಎರಡನೇ ಗಾಡಿಗೆ ನಿನ್ ಹೆಸರು ಹೇಳೀನಿ. ಹೆಲ್ಪರ್ ಅಲ್ಲ, ಡ್ರೈವರ್. ಮೆಡಿಕಲ್ಲಿಗೆ ಹೋಗೋಕ್ ತಯಾರಾಗು."

"ನನ್ ಮ್ಯಾಲೆ ಹಾಕಿದ್ದು?"

"ಅದು ಆತು, ಹೋತು. ಯಾರಿಗ್ ನೆನಪೈತೆ?"

"ನನಗೈತೆ" ಎಂದು ಕಟ್ ಮಾಡಿದೆ.

ಸ್ವಾಭಿಮಾನ ಇದ್ದವನು ಅಲ್ಲಿಗೆ ಮುಗಿಸುತ್ತಾನೆ. ನನಗೆ ಸೀಟು ಬೇಕಿತ್ತು. ಎರಡು ದಿನ ಜೆಸಿಬಿಯಲ್ಲಿ ಕೂತು ಮಣ್ಣು ಎತ್ತುವಾಗಲೆಲ್ಲ ಕೆಂಪು ಗಾಡಿಯದೇ ಯೋಚನೆ. ಹಬ್ಬದ ದಿನ ಬೆಳಿಗ್ಗೆ ಗ್ಯಾರೇಜಿನ ಪೂಜೆ ಬಿಟ್ಟು ಹರಿಹರದ ಬಸ್ಸು ಹತ್ತಿದೆ.

ಅವನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಓಣಿಯಲ್ಲಿ ಪ್ರತಿ ಮನೆಯ ಮುಂದೆ ಒಂದು ಗಾಡಿ, ಒಂದು ಪೈಪು, ಹರಿಯುವ ಸೋಪಿನ ನೀರು. ಅವನು ಲುಂಗಿ ಎತ್ತಿ ಕಟ್ಟಿ ಹಳೆಯ ಸ್ಕೂಟರ್ ತೊಳೆಯುತ್ತಿದ್ದ. ನನ್ನನ್ನು ನೋಡಿ, "ಬಾ" ಎಂದ. ಪೈಪ್ ಚಾಚಿದ, ಹಿಡಿ ಎನ್ನುವಂತೆ. ನಾನು ಹಿಡಿಯಲಿಲ್ಲ.

ಅವನ ಹೆಂಡತಿ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದಳು. "ಬರ್ರಿ, ಕೂಡ್ರಿ. ದಾವಣಗೆರೆಯೋರಲ್ಲ? ನಿಮ್ಮವ್ವ ಆರಾಮದಾರಾ? ಕಾಲಿನ ಬಾವು ಇಳೀತಾ? ಅಜ್ಜಯ್ಯನ ಹರಕಿ ತೀರಿಸಿದ್ರಾ?"

ನಾನು ಕಣ್ಣು ಬಿಟ್ಟೆ. "ನಿಮಗ್ ಹೆಂಗೆ ಗೊತ್ತಕ್ಕ?"

"ಇವ್ರೇ ಹೇಳ್ತಿದ್ರು ಫೋನಾಗೆ. ಭಾನುವಾರ ಭಾನುವಾರ ನಿಮ್ಮವ್ವ ಏನ್ ಮಾತಾಡಿದ್ರು ಅಂತ ಪೂರ್ತಿ. ನಿಂದು ಬಿಟ್ರೆ ಅಲ್ಲಿ ಕೇಳಕ್ಕೆ ಸಿಗೋ ಕನ್ನಡ ಅದೊಂದೇ ಅಂತಿದ್ರು."

"ಕದ್ದು ಕೇಳ್ತಿದ್ರು ಅನ್ರಿ" ಎಂದೆ.

ಅವನು ಸ್ಕೂಟರಿನ ಚಕ್ರ ಉಜ್ಜುತ್ತಲೇ ಇದ್ದ. ನಾನು ಅವನ ಮುಂದೆ ಹೋಗಿ ನಿಂತೆ.

"ಅಕ್ಕನ ಎದುರಿಗೆ ಹೇಳ್ರಿ. ಅಲ್ಲಿ ಗಾಡಿಗೆ ನೀರು ಹಾಕು ಅಂದಿದ್ದು ಯಾರು? ಒತ್ತು ಅಂದಿದ್ದು ಯಾರು?"

ಪಕ್ಕದ ಮನೆಯವರು ಪೈಪ್ ಹಿಡಿದುಕೊಂಡೇ ಈ ಕಡೆ ತಿರುಗಿದರು. ಈ ಓಣಿಯಲ್ಲಿ ಎಲ್ಲರಿಗೂ ಕನ್ನಡ ಬರುತ್ತದೆ.

"ನಾನೇ ಅಂದಿದ್ದು" ಎಂದ. "ಆತಾ?"

"ಅಲ್ಲಿ ಹೇಳ್ಬೇಕಿತ್ತು."

"ಅಲ್ಲಿ ಹೇಳಿದ್ರೆ ಮತ್ತೆ ಈ ಜನ್ಮದಾಗೆ ನನ್ನ ಯಾರೂ ಕರೀತಿರ್ಲಿಲ್ಲ. ಎರಡು ಸಲ ಬಂದ್ ಹೋದೋನು ಗಾಡಿಗೆ ನೀರು ಹಾಕ್ಸಿದ ಅಂದ್ರೆ ಮುಖದ ಮ್ಯಾಲೆ ಉಗೀತಿದ್ರು. ನೀನು ಹೊಸಬ. ಹೊಸಬ ತಪ್ಪು ಮಾಡಿದ್ರೆ ಒಂದು ಸಲ ಬೈತಾರೆ, ಬಿಡ್ತಾರೆ. ಈಗ ನೋಡು, ಮತ್ತೆ ಕರೀತಿಲ್ಲೇನು?"

"ನೀವು ಕರೀತಿದೀರಿ. ಅವ್ರಲ್ಲ."

"ಅದಕ್ಕೇ ಕರೀತಿರೋದಲೇ!"

ಅವನ ಹೆಂಡತಿ ನಮ್ಮಿಬ್ಬರನ್ನೂ ನೋಡಿದಳು. "ಏನ್ರಿ ಇದು? ಈ ಹುಡುಗನ ಮ್ಯಾಲೆ ಹಾಕಿದ್ರಾ ನೀವು?" ಅವನು ಸ್ಕೂಟರ್ ಕಡೆ ತಿರುಗಿದ. ಅವಳು ಒಳಗೆ ಹೋದಳು. ಚಹಾದ ಪಾತ್ರೆ ಜೋರಾಗಿ ಇಟ್ಟ ಸದ್ದು ಬಂತು.

ತಪ್ಪಾಯಿತು ಎನ್ನಲಿಲ್ಲ ಅವನು. ಎನ್ನುವವನೂ ಅಲ್ಲ.

"ಬರ್ತೀನಿ" ಎಂದೆ. "ಸೀಟು ನಂದು, ಅದಕ್ಕೆ ಬರ್ತೀನಿ. ಆದ್ರೆ ಅಲ್ಲಿ ನನ್ನ ಹತ್ರ ಕನ್ನಡ ಮಾತಾಡಬ್ಯಾಡ್ರಿ. ಏನ್ ಹೇಳೋದಿದ್ರೂ ಹಿಂದ್ಯಾಗೆ ಹೇಳ್ರಿ, ನಾಕು ಜನದ ಎದುರಿಗೆ. ಕನ್ನಡದಾಗೆ ಕರದ್ರೆ ನಾನು ಓಗೊಡಲ್ಲ."

ಅವನು ಬ್ರಷ್ ಬಕೆಟ್ಟಿಗೆ ಹಾಕಿದ.

"ಭಾನುವಾರ ನಿಮ್ಮವ್ವಗೆ ಫೋನ್ ಮಾಡ್ತಿಯಲ್ಲ?"

"ಬಾಗಿಲು ಹಾಕ್ಕಂಡು ಮಾಡ್ತೀನಿ."

ಅವನು ಪೈಪ್ ಎತ್ತಿ ಸ್ಕೂಟರಿನ ಹಿಂದಿನ ಚಕ್ರಕ್ಕೆ ನೀರು ಬಿಟ್ಟ. ತೊಳೆದ ಚಕ್ರವನ್ನೇ ಮತ್ತೆ ತೊಳೆದ. ಅಕ್ಕ ತಂದ ಚಹಾ ಕುಡಿದೆ. ಅವನಿಗೆ ತಂದಿರಲಿಲ್ಲ. ಬಸ್ಸು ಹಿಡಿದು ದಾವಣಗೆರೆಗೆ ಬಂದೆ. ಗ್ಯಾರೇಜಿನಲ್ಲಿ ಪೂಜೆ ಮುಗಿದಿತ್ತು, ನನ್ನ ಜೆಸಿಬಿಗೆ ಯಾರೋ ಹಾರ ಹಾಕಿದ್ದರು. ಮೆಡಿಕಲ್ ಪಾಸಾದೆ. ಇಬ್ಬರೂ ಒಂದೇ ವಿಮಾನದಲ್ಲಿ ಹೋಗುತ್ತೇವೆ. ಅವ್ವ ಮತ್ತೆ ಬೂದಿಯ ಪೊಟ್ಟಣ ಕಟ್ಟಿ ಕೊಟ್ಟಿದ್ದಾಳೆ, ಈ ಸಲ ಎರಡು. ಹರಿಹರದ ಆ ಮನುಷ್ಯನಿಗೂ ಕೊಡು ಎಂದಿದ್ದಾಳೆ. ನಾನು ಕೊಡುವುದಿಲ್ಲ.